ಪಟಾಪಟಿ ಚಡ್ಡಿಯ ಜೇಬಿನಲ್ಲಿ ಮೂರು ಕೆಜಿ

ನನಗೆ ಶ್ವಾಸಕೋಶದ ಕ್ಯಾನ್ಸರ್ ಎಂದು ಗೊತ್ತಾದ ಮೇಲೆ ನೋಡಲು ಬಂದವರೆಲ್ಲ ಕೇಳಿದ ಮೊದಲ ಪ್ರಶ್ನೆ ಒಂದೇ: "ಬೀಡಿ ಸೇದ್ತಿದ್ರಾ?" ಹೌದು, ಸೇದುತ್ತಿದ್ದೆ. ಇಪ್ಪತ್ತು ವರ್ಷ ಸೇದಿ, ಮಗಳ ಮದುವೆಯ ವರ್ಷ ಬಿಟ್ಟಿದ್ದೆ. ಈ ಉತ್ತರ ಕೇಳಿದ ಕೂಡಲೇ ಅವರ ಮುಖದಲ್ಲಿ ಒಂದು ನೆಮ್ಮದಿ ಕಾಣುತ್ತಿತ್ತು. ತಾವು ಸೇದಿಲ್ಲ, ತಮಗೆ ಬರುವುದಿಲ್ಲ ಎನ್ನುವ ನೆಮ್ಮದಿ. ಆಮೇಲೆ ತಂದಿದ್ದ ಮೂಸಂಬಿಯನ್ನು ಟೇಬಲ್ ಮೇಲಿಟ್ಟು, "ಧೈರ್ಯವಾಗಿರಿ" ಎಂದು ಹೇಳಿ ಹೋಗುತ್ತಿದ್ದರು. ಅವರ ಧೈರ್ಯ ಕಟ್ಟಿಕೊಂಡು ನಾನೇನು ಮಾಡಲಿ?

ನನ್ನ ಹೆಸರು ನಾಗರಾಜು. ಯಲಹಂಕದ ಪುಟ್ಟೇನಹಳ್ಳಿಯಲ್ಲಿ ಹಿಟ್ಟಿನ ಮಿಲ್ ಇಟ್ಟು ಮೂವತ್ತು ವರ್ಷವಾಯಿತು. ಕೆಳಗೆ ಮಿಲ್, ಮೇಲೆ ಮನೆ. ರಾಗಿ, ಗೋಧಿ, ಅಕ್ಕಿ, ಮೆಣಸಿನಕಾಯಿ, ಸಾಂಬಾರ ಪುಡಿ, ಎಲ್ಲವೂ ನನ್ನ ಕೈ ಮೇಲೆ ಹೋಗುತ್ತಿತ್ತು. ಹಿಟ್ಟಿನ ಮಿಲ್‌ನವನಿಗೆ ಕೆಮ್ಮು ಬಂದರೆ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ನಾನೂ ಕೆಡಿಸಿಕೊಳ್ಳಲಿಲ್ಲ. ಧೂಳು ಅಂದೆ, ಮೆಣಸಿನಕಾಯಿ ಘಾಟು ಅಂದೆ. ಕೆಮ್ಮಿನ ಹಿಂದೆ ಧ್ವನಿಯೂ ಒಡೆಯಿತು. ಮಿಷನ್ ಸದ್ದಿನ ಮೇಲೆ ದಿನವಿಡೀ ಕೂಗಾಡುವವನಿಗೆ ಗಂಟಲು ಕಟ್ಟುವುದು ದೊಡ್ಡ ವಿಷಯವೇ? ಹೆಂಡತಿ ಶಾರದಾ ಶುಂಠಿ, ಮೆಣಸು, ಜೇನುತುಪ್ಪ ಅಂತ ಐದು ತಿಂಗಳು ಕುಡಿಸಿದಳು. ನಾನೂ ಕುಡಿದೆ.

ಒಂದು ದಿನ ಮಾಕಳಿಯಲ್ಲಿರುವ ಮಗಳು ರೂಪಾ ಫೋನ್ ಮಾಡಿದಳು. ನಾನೇ ಎತ್ತಿಕೊಂಡು "ಏನಮ್ಮ" ಎಂದೆ. ಆ ಕಡೆಯಿಂದ, "ಯಾರ್ರೀ ಮಾತಾಡ್ತಿರೋದು? ಸ್ವಲ್ಪ ಅಪ್ಪಂಗೆ ಫೋನ್ ಕೊಡಿ" ಎಂದಳು. ನಾನು ನಕ್ಕೆ. ಅವಳು ನಗಲಿಲ್ಲ. ಮಾರನೆಯ ದಿನ ಬೆಳಿಗ್ಗೆಯೇ ಬಂದು ನನ್ನನ್ನು ಎಕ್ಸ್‌ರೇಗೆ ಎಳೆದುಕೊಂಡು ಹೋದಳು. ಎಕ್ಸ್‌ರೇ ಆಯಿತು, ಸ್ಕ್ಯಾನ್ ಆಯಿತು, ಸೂಜಿ ಹಾಕಿ ಚೂರು ತೆಗೆದು ನೋಡಿದ್ದೂ ಆಯಿತು. ಕೊನೆಗೆ ಹೆಬ್ಬಾಳದ ಕಡೆಯ ಒಂದು ದೊಡ್ಡ ಆಸ್ಪತ್ರೆಯ ಡಾಕ್ಟರಮ್ಮನ ಎದುರು ನಾವು ಮೂವರೂ ಕೂತಿದ್ದೆವು.

"ಆಪರೇಷನ್ ಮಾಡೋ ಜಾಗದಲ್ಲಿಲ್ಲ," ಎಂದರು ಅವರು. "ರೇಡಿಯೇಷನ್, ಕೀಮೋ ಎರಡೂ ಒಟ್ಟಿಗೆ ಕೊಡ್ತೀವಿ. ಆರು ವಾರ. ಸೋಮವಾರದಿಂದ ಶುಕ್ರವಾರ ದಿನಾ ರೇಡಿಯೇಷನ್, ಸೋಮವಾರ ಮಾತ್ರ ಜೊತೆಗೆ ಕೀಮೋ. ಕಷ್ಟ ಇರುತ್ತೆ ನಾಗರಾಜು ಅವರೇ, ಸುಳ್ಳು ಹೇಳಲ್ಲ. ಆದ್ರೆ ಮಧ್ಯದಲ್ಲಿ ನಿಲ್ಲಿಸಬಾರದು. ನಾವು ನಿಲ್ಲಿಸಿದ್ರೆ ಒಳಗಿರೋ ಗೆಡ್ಡೆ ಸುಧಾರಿಸ್ಕೊಳ್ಳುತ್ತೆ."

"ವಾಸಿ ಆಗುತ್ತಾ ಡಾಕ್ಟ್ರೇ?" ಎಂದು ಶಾರದಾ ಕೇಳಿದಳು.

"ವಾಸಿ ಮಾಡೋಕೇ ಕೊಡ್ತಿರೋದು, ಅಮ್ಮ. ಆಗೇ ಆಗುತ್ತೆ ಅಂತ ಬರೆದುಕೊಡೋಕಾಗಲ್ಲ."

ಅವರು ಇನ್ನೂ ಏನೇನೋ ಹೇಳಿದರು. ನನ್ನ ತಲೆಯಲ್ಲಿ ಕೂತದ್ದು ಒಂದೇ ಮಾತು: ಮಧ್ಯದಲ್ಲಿ ನಿಲ್ಲಿಸಬಾರದು.

ಎದೆಯ ಮೇಲೆ ಬಣ್ಣದಲ್ಲಿ ಗೆರೆ ಎಳೆದರು. ಸೋಪು ಹಾಕಬೇಡಿ, ಉಜ್ಜಬೇಡಿ ಎಂದರು. ದಿನಾ ಯಲಹಂಕದಿಂದ ಬಸ್ಸಿನಲ್ಲಿ ಹೋಗಿ, ಹೆಬ್ಬಾಳದ ಫ್ಲೈಓವರ್ ಹತ್ತಿರ ಟ್ರಾಫಿಕ್‌ನಲ್ಲಿ ಸಿಕ್ಕಿಕೊಂಡು, ನೆಲಮಾಳಿಗೆಗೆ ಇಳಿದು ಬೆಂಚಿನ ಮೇಲೆ ಕಾಯುವುದು. ಒಳಗೆ ಮಿಷನ್ ಕೆಳಗೆ ಮಲಗುವುದು ಹತ್ತು ಹದಿನೈದು ನಿಮಿಷ, ಕಾಯುವುದು ಎರಡು ಗಂಟೆ. ನನ್ನನ್ನು ಮಲಗಿಸಿದ ಮೇಲೆ ಎಲ್ಲರೂ ಹೊರಗೆ ಹೋಗಿ ಆ ದಪ್ಪ ಬಾಗಿಲು ಮುಚ್ಚಿಕೊಳ್ಳುತ್ತಿದ್ದರು. ನೋವಿಲ್ಲ, ಶಾಖವಿಲ್ಲ. ಆದರೂ ಮೊದಲ ದಿನ ಆ ಬಾಗಿಲು ಮುಚ್ಚಿದಾಗ ನಾನು ಅತ್ತುಬಿಟ್ಟೆ. ಅಲುಗಾಡಬಾರದು ಎಂದಿದ್ದರು, ಕಣ್ಣು ಒರೆಸಿಕೊಳ್ಳುವ ಹಾಗೂ ಇರಲಿಲ್ಲ.

ಬೆಂಚಿನ ಮೇಲೆ ನನ್ನ ಪಕ್ಕದಲ್ಲಿ ದಿನಾ ಕೂರುತ್ತಿದ್ದವರು ಆರ್.ಟಿ. ನಗರದ ಖಲೀಲ್ ಸಾಹೇಬರು. ಆಟೋ ಸೀಟು ಹೊಲಿಯುವ ಕೆಲಸ ಅವರದು, ಗಂಟಲ ಕ್ಯಾನ್ಸರ್. ಅವರ ಮೂಗಿನಿಂದ ಒಂದು ಸಣ್ಣ ಪೈಪು ಹೊರಬಂದು, ಕೆನ್ನೆಯ ಮೇಲೆ ಪ್ಲಾಸ್ಟರ್‌ನಲ್ಲಿ ಅಂಟಿಕೊಂಡು, ಕಿವಿಯ ಹಿಂದೆ ಹೋಗಿತ್ತು. ಊಟವೆಲ್ಲ ಅದರಲ್ಲೇ. ಹೊತ್ತಿಗೆ ಸರಿಯಾಗಿ ಅವರ ಹೆಂಡತಿ ಫ್ಲಾಸ್ಕ್ ತೆಗೆದು, ದೊಡ್ಡ ಸಿರಿಂಜಿನಲ್ಲಿ ಹಾಲು ಇಳಿಸುತ್ತಿದ್ದರು. ಸಾಹೇಬರು ಅದರ ಮಧ್ಯೆಯೇ ನನ್ನೊಡನೆ ಮಾತಾಡುತ್ತಿದ್ದರು. ನನಗೆ ನೋಡಲಾಗುತ್ತಿರಲಿಲ್ಲ.

"ಏನ್ ನೋಡ್ತಿದೀರಾ ನಾಗರಾಜಣ್ಣ? ಪೆಟ್ರೋಲ್ ಹಾಕ್ತಾವ್ಳೆ," ಎಂದು ಅವರೇ ನಕ್ಕರು.

"ಇದು ಯಾಕೆ ಹಾಕಿದ್ರು ಸಾಬ್ರೇ?"

"ತೂಕ ಹೋಯ್ತಲ್ಲ. ಎಂಟ್ ಕೆಜಿ ಇಳ್ದೋದೆ. ಕೀಮೋ ಬಂದ್ ಮಾಡ್ಬಿಟ್ರು, ಪೈಪ್ ಹಾಕ್ಬಿಟ್ರು."

ತೂಕ ಇಳಿದರೆ ಕೀಮೋ ಬಂದ್. ಬಂದ್ ಆದರೆ ಒಳಗಿರುವುದು ಸುಧಾರಿಸಿಕೊಳ್ಳುತ್ತದೆ. ಸುಧಾರಿಸಿಕೊಂಡರೆ ನಾನು ಸಾಯುತ್ತೇನೆ. ನನ್ನ ಲೆಕ್ಕ ಇಷ್ಟೇ.

ಮೊದಲ ವಾರ ಹೇಗೋ ನಡೆಯಿತು. ವಾಂತಿ, ಸುಸ್ತು, ಬಾಯಿಯಲ್ಲಿ ತುಕ್ಕಿನ ರುಚಿ, ಆದರೂ ಊಟ ಇಳಿಯುತ್ತಿತ್ತು. ಎರಡನೆಯ ವಾರ ಅನ್ನನಾಳ ಬೆಂದುಹೋಯಿತು. ಹುಟ್ಟಿದಾಗಿನಿಂದ ಮುದ್ದೆ ತಿಂದು ಬೆಳೆದವನು ನಾನು. ಅಗಿಯದೆ ನುಂಗುವುದರಲ್ಲೇ ಅದರ ಸುಖ. ಶಾರದಾ ಆ ದಿನ ಮೆತ್ತಗೆ ಮುದ್ದೆ ತಿರುವಿ, ಬಸ್ಸಾರಿನಲ್ಲಿ ಅದ್ದಿ, ಚಿಕ್ಕ ತುತ್ತು ಮಾಡಿಕೊಟ್ಟಳು. ನುಂಗಿದೆ. ಎದೆಯ ಮಧ್ಯೆ ಹೋಗಿ ನಿಂತುಬಿಟ್ಟಿತು. ಕೆಂಡ ನುಂಗಿದ ಹಾಗೆ. ತಟ್ಟೆ ತಳ್ಳಿ ಎದ್ದು, "ನನ್ನ ಸಾಯಿಸ್ಬೇಕು ಅಂತಿದೀಯಾ?" ಎಂದು ಕಿರುಚಿದೆ. ಧ್ವನಿ ಬರಲಿಲ್ಲ, ಬರೀ ಗಾಳಿ ಬಂತು. ಅವಳು ತಟ್ಟೆ ಎತ್ತಿಕೊಂಡು ಒಳಗೆ ಹೋಗಿ ರಾಗಿ ಗಂಜಿ ಕಾಯಿಸಲು ಇಟ್ಟಳು. ನನಗೆ ನಾಚಿಕೆಯಾಯಿತು. ಆದರೆ ಕ್ಷಮಿಸು ಎನ್ನಲಿಲ್ಲ.

ಅಲ್ಲಿಂದ ಮುಂದೆ ಗಂಜಿಯೂ ಇಳಿಯಲಿಲ್ಲ. ನುಂಗುವ ಮುಂಚೆ ಕುಡಿಯಲು ಮರಗಟ್ಟಿಸುವ ಔಷಧಿ ಕೊಟ್ಟಿದ್ದರು. ಅದನ್ನು ಕುಡಿದರೂ ಎರಡು ಗುಟುಕಿಗೆ ಕಣ್ಣಲ್ಲಿ ನೀರು. ಶಾರದಾ ದೊಡ್ಡ ಲೋಟದ ತುಂಬ ತಂದಿಟ್ಟು, ಕೆಳಗೆ ಮಿಲ್ ನೋಡಿಕೊಳ್ಳಲು ಹೋಗುತ್ತಿದ್ದಳು. ಈಗ ಮಿಷನ್ ನಡೆಸುವವಳು ಅವಳೇ. ಅವಳು ಮೆಟ್ಟಿಲಿಳಿದ ಮೇಲೆ ನಾನು ಬಚ್ಚಲಿಗೆ ಹೋಗಿ ಗಂಜಿ ಸುರಿದು, ನೀರು ಬಿಟ್ಟು, ಲೋಟದ ತಳದಲ್ಲಿ ಒಂದಿಷ್ಟು ಉಳಿಸಿ ಇಟ್ಟಿರುತ್ತಿದ್ದೆ. ಪೂರ್ತಿ ಖಾಲಿ ಮಾಡಿದರೆ ಅನುಮಾನ ಬರುತ್ತದಲ್ಲ!

ಸೋಮವಾರ ಹತ್ತಿರ ಬರುತ್ತಿತ್ತು. ಪ್ರತಿ ಸೋಮವಾರ ಕೀಮೋಗೆ ಮುಂಚೆ ತೂಕ ನೋಡುತ್ತಿದ್ದರು. ಭಾನುವಾರ ಮಿಲ್ ಬಾಗಿಲು ಹಾಕಿದ ಮೇಲೆ ನಾನು ಕೆಳಗಿಳಿದು ಕಾಳು ತೂಗುವ ಎಲೆಕ್ಟ್ರಾನಿಕ್ ತಕ್ಕಡಿಯ ಮೇಲೆ ನಿಂತೆ. ಒಂದು ವಾರದಲ್ಲಿ ಒಂದು ಕೆಜಿ ಹೋಗಿತ್ತು. ಆ ತಕ್ಕಡಿಯ ಕೆಳಗೆ ಒಂದು ಹಳೆಯ ಬಿಸ್ಕತ್ತಿನ ಡಬ್ಬವಿತ್ತು. ಕೈತಕ್ಕಡಿ ಕಾಲದ ಕಬ್ಬಿಣದ ತೂಕದ ಕಲ್ಲುಗಳೆಲ್ಲ ಅದರಲ್ಲಿದ್ದವು. ಮೂವತ್ತು ವರ್ಷದಲ್ಲಿ ನಾನು ಒಬ್ಬರಿಗೂ ಒಂದು ಗ್ರಾಂ ಮೋಸ ಮಾಡಿದವನಲ್ಲ. ಇದನ್ನು ಜಂಬಕ್ಕೆ ಹೇಳುತ್ತಿಲ್ಲ, ಬೇಕಾದರೆ ಪುಟ್ಟೇನಹಳ್ಳಿಯಲ್ಲಿ ಯಾರನ್ನಾದರೂ ಕೇಳಿ. ಅಂಥವನು ಅಂದು ಒಂದು ಕೆಜಿಯ ಕಲ್ಲನ್ನು ಎತ್ತಿಕೊಂಡು ಮೇಲೆ ಬಂದೆ.

ನಾನು ಪ್ಯಾಂಟಿನ ಒಳಗೆ ಪಟಾಪಟಿ ಚಡ್ಡಿ ಹಾಕುವವನು. ಅದರ ಜೇಬು ಎಷ್ಟು ದೊಡ್ಡದು ಎಂದು ಹಾಕಿದವರಿಗೇ ಗೊತ್ತು. ರೇಡಿಯೇಷನ್‌ಗೆ ಅಂಗಿ ಬಿಚ್ಚಿಸುತ್ತಾರೆ, ಪ್ಯಾಂಟು ಬಿಚ್ಚಿಸುವುದಿಲ್ಲ. ಸೋಮವಾರ ನರ್ಸ್ "ಚಪ್ಪಲಿ ಬಿಟ್ಟು ಹತ್ತಿ ಅಂಕಲ್" ಎಂದಳು. ಚಪ್ಪಲಿ ಬಿಟ್ಟು ಹತ್ತಿದೆ. "ಹೋದ ವಾರದಷ್ಟೇ ಇದೆ. ವೆರಿ ಗುಡ್!" ಎಂದು ಬರೆದುಕೊಂಡಳು. ಆಮೇಲೆ ಶೌಚಾಲಯಕ್ಕೆ ಹೋಗಿ ಕಲ್ಲನ್ನು ತೆಗೆದು ಚೀಲದಲ್ಲಿ ಹಾಕಿಕೊಂಡೆ.

ಡಾಕ್ಟರಮ್ಮ ಫೈಲ್ ನೋಡಿ ಶಾರದಾಳ ಕಡೆ ತಿರುಗಿದರು. "ಏನಮ್ಮ, ಏನ್ ಮಾಡ್ಕೊಡ್ತಿದೀರಾ? ಈ ಹಂತದಲ್ಲಿ ಎಲ್ಲರದ್ದೂ ಇಳಿಯುತ್ತೆ. ತುಂಬಾ ಚೆನ್ನಾಗಿ ನೋಡ್ಕೋತಿದೀರಾ."

ಶಾರದಾಳ ಮುಖ ನೋಡಬೇಕಿತ್ತು. ರೋಗ ಗೊತ್ತಾದ ದಿನದಿಂದ ಅವಳ ಮುಖದಲ್ಲಿ ಅಂಥ ಕಳೆ ನಾನು ಕಂಡಿರಲಿಲ್ಲ. "ರಾಗಿ ಮೊಳಕೆ ಕಟ್ಟಿ, ಹುರಿದು, ನಮ್ಮ ಮಿಲ್‌ನಲ್ಲೇ ನುಣ್ಣಗೆ ಬೀಸಿ, ಬಾದಾಮಿ ಹಾಕಿ ಗಂಜಿ ಮಾಡ್ತೀನಿ ಡಾಕ್ಟ್ರೇ," ಎಂದು ಮಗುವಿನ ಹಾಗೆ ಹೇಳಿದಳು. ಬಸ್ಸಿನಲ್ಲಿ ಕೂತು ರೂಪಾಗೆ ಫೋನ್ ಮಾಡಿ ಅದನ್ನೇ ಮತ್ತೆ ಹೇಳಿದಳು. ಮುಂದಿನ ಸೋಮವಾರ ಆ ನರ್ಸ್‌ಗೆ ಕೊಬ್ಬರಿ ಮಿಠಾಯಿ ಮಾಡಿಕೊಂಡು ಬಂದಳು. ಅಂದು ನನ್ನ ಜೇಬುಗಳಲ್ಲಿ ಎರಡು ಕೆಜಿ ಇತ್ತು.

ಬಿಡಬೇಕು ಎಂದು ಅನ್ನಿಸಲಿಲ್ಲವೇ ಎಂದು ನೀವು ಕೇಳಬಹುದು. ದಿನಾ ಅನ್ನಿಸಿತು. ಆದರೆ ಭಯ ಎಂಥದು ಎಂದರೆ, ನನಗೆ ನನ್ನ ದೇಹದ ಮೇಲೆ ನಂಬಿಕೆ ಹೋಗಿ ಆ ಫೈಲಿನ ಮೇಲೆ ನಂಬಿಕೆ ಬಂದಿತ್ತು. ಫೈಲಿನಲ್ಲಿ ಸರಿ ಇದ್ದರೆ ಔಷಧಿ ಬರುತ್ತದೆ, ಬಂದರೆ ಬದುಕುತ್ತೇನೆ. ನಮ್ಮ ಪುಟ್ಟೇನಹಳ್ಳಿ ಕೆರೆ ಪಕ್ಕದ ಕಲ್ಲುಬೆಂಚಿನ ಮೇಲೆ ಬಿಸಿಲಿಗೆ ಕೂತು, "ಇನ್ನು ಹನ್ನೊಂದು, ಇನ್ನು ಹತ್ತು" ಎಂದು ಉಳಿದ ರೇಡಿಯೇಷನ್ ಎಣಿಸುತ್ತಿದ್ದೆ. ನೀರು ಕುಡಿಯಲೂ ಆಗುತ್ತಿರಲಿಲ್ಲ. ಉಚ್ಚೆ ಕಷಾಯದ ಬಣ್ಣಕ್ಕೆ ತಿರುಗಿತ್ತು. ಅದನ್ನೂ ಯಾರಿಗೂ ಹೇಳಲಿಲ್ಲ.

ಐದನೆಯ ಸೋಮವಾರ ಮೂರು ಕೆಜಿ. ಒಂದೊಂದು ಜೇಬಿಗೂ ಕೆಜಿಯದೊಂದು, ಅರ್ಧ ಕೆಜಿಯದೊಂದು. ಉಡಿದಾರದ ಮೇಲೆ ಚಡ್ಡಿಯ ಲಾಡಿ ಬಿಗಿದು, ಅದರ ಮೇಲೆ ಪ್ಯಾಂಟಿನ ಬೆಲ್ಟು ಬಿಗಿದಿದ್ದೆ. ಆಸ್ಪತ್ರೆಯ ಮೆಟ್ಟಿಲಿಳಿಯುವಾಗಲೇ ಕಣ್ಣು ಕತ್ತಲಿಟ್ಟಿತು. ತೂಕದ ಮಿಷನ್ ಹತ್ತಿದ್ದು ನೆನಪಿದೆ. ನರ್ಸ್ ನಂಬರು ಓದಿದ್ದೂ ಕೇಳಿಸಿತು. ಆಮೇಲೆ ಗೊತ್ತಿಲ್ಲ.

ಎಚ್ಚರವಾದಾಗ ಕೆಳಗೆ ನೆಲದ ಮೇಲಿದ್ದೆ. ಉಸಿರಾಡಲಿ ಎಂದು ಯಾರೋ ಬೆಲ್ಟು, ಲಾಡಿ ಸಡಿಲ ಮಾಡಿದ್ದರು. ಎತ್ತಿ ಸ್ಟ್ರೆಚರ್ ಮೇಲೆ ಹಾಕುವಾಗ ಪ್ಯಾಂಟು, ಚಡ್ಡಿ ಎರಡೂ ಜಾರಿದವು. ಠಣ್ ಠಣ್ ಎಂದು ಒಂದೊಂದಾಗಿ ಬಿದ್ದವು. ಒಂದು ಉರುಳಿಕೊಂಡು ಬೆಂಚಿನ ಕೆಳಗೆ ಹೋಯಿತು.

"ಏನಿದು?" ಎಂದಳು ನರ್ಸ್.

ಶಾರದಾಗೆ ಯಾರೂ ಹೇಳಬೇಕಾಗಿರಲಿಲ್ಲ. ಆ ಕಲ್ಲುಗಳನ್ನು ಪ್ರತಿ ಆಯುಧಪೂಜೆಗೆ ತೊಳೆದು ಕುಂಕುಮ ಇಡುತ್ತಿದ್ದವಳು ಅವಳೇ. ಬಗ್ಗಿ ಎಲ್ಲವನ್ನೂ ಆರಿಸಿಕೊಂಡಳು. ಬೆಂಚಿನ ಕೆಳಗೆ ಹೋದದ್ದನ್ನು ಖಲೀಲ್ ಸಾಹೇಬರು ತೆಗೆದು ಅವಳ ಕೈಗೆ ಕೊಟ್ಟರು. ನಾಲ್ಕನ್ನೂ ಸೆರಗಿನಲ್ಲಿ ಕಟ್ಟಿಕೊಂಡು, ನನ್ನ ಮುಖ ನೋಡದೆ ಸ್ಟ್ರೆಚರ್ ಹಿಂದೆ ನಡೆದಳು.

ದೇಹದಲ್ಲಿ ನೀರಿರಲಿಲ್ಲ, ಮೂತ್ರಪಿಂಡಕ್ಕೆ ಪೆಟ್ಟು ಬಿದ್ದಿತ್ತು, ಬಿಳಿ ರಕ್ತಕಣ ನೆಲಕಚ್ಚಿತ್ತು. ಎರಡನೆಯ ದಿನ ಜ್ವರವೂ ಬಂತು. ಕೀಮೋ ನಿಂತೇ ಹೋಯಿತು. ಉಳಿದ ಎರಡನ್ನು ಕೊಡಲೇ ಇಲ್ಲ. ರೇಡಿಯೇಷನ್ ಹನ್ನೊಂದು ದಿನ ನಿಂತಿತು. ಯಾವ ಪೈಪಿಗೆ ಹೆದರಿದ್ದೆನೋ ಅದನ್ನೂ ಹಾಕಿದರು. ನಿಲ್ಲಬಾರದು ಎಂದು ಮಾಡಿದ ಕೆಲಸದಿಂದಲೇ ಎಲ್ಲ ನಿಂತುಹೋಯಿತು.

ಡಾಕ್ಟರಮ್ಮ ಬೈಯುತ್ತಾರೆ ಎಂದುಕೊಂಡಿದ್ದೆ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ಕುರ್ಚಿ ಎಳೆದುಕೊಂಡು ಕೂತು ಹೇಳಿದರು: "ನಿಮ್ಮನ್ನ ಪಾಸು ಫೇಲು ಮಾಡೋಕೆ ತೂಕ ನೋಡ್ತಿರ್ಲಿಲ್ಲ ನಾಗರಾಜು ಅವರೇ. ಇಳೀತಿದೆ ಅಂತ ಗೊತ್ತಾಗಿದ್ರೆ ಎರಡು ವಾರ ಮುಂಚೆನೇ ಪೈಪ್ ಹಾಕಿ, ನೀರು, ಊಟ ಕೊಟ್ಟು, ಚಿಕಿತ್ಸೆ ನಿಲ್ಲಿಸದೆ ತಗೊಂಡು ಹೋಗ್ತಿದ್ವಿ. ನಿಮ್ಮ ಫೈಲ್ ನಂಬಿ ನಾನು ಪೂರ್ತಿ ಔಷಧಿ ಕೊಟ್ಟೆ."

"ಖಲೀಲ್ ಸಾಬ್ರಿಗೆ ನಿಲ್ಲಿಸಿದ್ರಲ್ಲ ಮೇಡಂ," ಎಂದೆ.

"ಅವರು ಹೇಳೋದು ತಡ ಮಾಡಿದ್ರು. ಅದಕ್ಕೆ."

ಗಂಜಿ ಬಚ್ಚಲಿಗೆ ಸುರಿದದ್ದನ್ನೂ ಶಾರದಾಳ ಎದುರೇ ಒಪ್ಪಿಕೊಂಡೆ. ಅವರು ಎದ್ದು ಹೋದ ಮೇಲೆ ಗೋಡೆಯ ಕಡೆ ತಿರುಗಿ ಮಲಗಿದೆ. ಸತ್ತರೆ ಸಾಕು ಎನ್ನಿಸಿತು. ಇದನ್ನು ಮುಚ್ಚಿಡುವುದಿಲ್ಲ. ಬದುಕಬೇಕೆಂದು ಇಷ್ಟೆಲ್ಲ ಮಾಡಿದವನಿಗೆ ಆ ಮೂರು ದಿನ ಬದುಕು ಬೇಡವೇ ಬೇಡವಾಗಿತ್ತು. ಶಾರದಾ ಪಕ್ಕದಲ್ಲೇ ಇದ್ದಳು. ಮಾಸ್ಕ್ ಹಾಕಿಕೊಂಡು ಕೈಕಾಲು ಒರೆಸಿದಳು, ಬಟ್ಟೆ ಬದಲಾಯಿಸಿದಳು. ಒಂದು ಮಾತಿಲ್ಲ. ಪೈಪಿನಲ್ಲಿ ಗಂಜಿ ಹಾಕಲು ಹೋಗಿ ಸಿರಿಂಜನ್ನು ಜೋರಾಗಿ ಒತ್ತಿ ಚೆಲ್ಲಿಬಿಡುತ್ತಿದ್ದಳು. ವಿಷಯ ತಿಳಿದು ಖಲೀಲ್ ಸಾಹೇಬರ ಹೆಂಡತಿ ಬಂದರು. "ಅಕ್ಕಾ, ಒತ್ಬಾರ್ದು. ಸಿರಿಂಜ್ ಮೇಲಕ್ ಹಿಡೀರಿ, ಅದ್ರಪಾಡಿಗದು ಇಳೀತದೆ. ಮಲಗಿಸ್ಬೇಡಿ, ಕೂರ್ಸಿ," ಎಂದು ಅವಳ ಕೈ ಹಿಡಿದು ಕಲಿಸಿದರು. ಆ ಹೆಂಗಸಿನ ಋಣ ನಾನು ಯಾವ ಜನ್ಮದಲ್ಲಿ ತೀರಿಸುತ್ತೇನೋ ಗೊತ್ತಿಲ್ಲ.

ನಾಲ್ಕನೆಯ ದಿನ ಮಧ್ಯಾಹ್ನ, ಗಂಜಿ ಇಳಿಯುವುದನ್ನೇ ನೋಡುತ್ತ ಶಾರದಾ ಬಾಯಿ ಬಿಟ್ಟಳು.

"ಡಾಕ್ಟ್ರು ನನ್ನ ಹೊಗಳಿದಾಗ ಪಕ್ಕದಲ್ಲೇ ನಿಂತಿದ್ರಲ್ರೀ ನೀವು."

ನಾನು ಗೋಡೆಯ ಕಡೆ ನೋಡಿದೆ.

"ನಾನು ಊರೆಲ್ಲ ಹೇಳ್ಕೊಂಡು ಬಂದೆ. ನನ್ನ ಗಂಜಿಯಿಂದ ನನ್ನ ಗಂಡ ಉಳಿದ ಅಂತ. ಬಚ್ಚಲಿಗೆ ಸುರೀತಿದ್ರಲ್ಲ, ಇಳೀತಿಲ್ಲ ಕಣೇ ಅಂತ ಒಂದ್ ಮಾತು ಹೇಳೋಕೆ ಏನಾಗಿತ್ತು ನಿಮಗೆ? ನಾನೇನು ನಿಮ್ಮ ಶತ್ರೂನಾ?"

ಸಿರಿಂಜ್ ಖಾಲಿಯಾಯಿತು. ಅವಳು ಅದನ್ನು ತೊಳೆಯಲು ಹೋದಳು. ನೀರಿನ ಸದ್ದಿನಲ್ಲಿ ಅಳುತ್ತಿದ್ದಳು, ನನಗೆ ಕೇಳಿಸುತ್ತಿತ್ತು.

ಹನ್ನೆರಡನೆಯ ದಿನ ರೇಡಿಯೇಷನ್ ಮತ್ತೆ ಶುರುವಾಗಿ, ಹೇಗೋ ಮುಗಿಯಿತು. ಪೈಪು ತೆಗೆದರು. ಮೂರು ತಿಂಗಳ ನಂತರ ಸ್ಕ್ಯಾನ್ ಆಯಿತು. ಗೆಡ್ಡೆ ತುಂಬ ಕುಗ್ಗಿದೆ, ಆದರೆ ಒಂದು ಚೂರು ಉಳಿದಿದೆ, ಅದು ಗಾಯದ ಕಲೆಯೋ ರೋಗವೋ ಈಗಲೇ ಹೇಳಲಾಗದು ಎಂದರು ಡಾಕ್ಟರಮ್ಮ. ಶಾರದಾ ನೇರವಾಗಿ ಕೇಳಿದಳು: "ಆ ಹನ್ನೊಂದು ದಿನ ನಿಂತಿದ್ದಕ್ಕೆ ಉಳ್ಕೊಂಡಿದ್ದಾ?" ಅವರು ಫೈಲ್ ಮುಚ್ಚಿ, "ಗೊತ್ತಿಲ್ಲಮ್ಮ. ಯಾರಿಗೂ ಗೊತ್ತಾಗಲ್ಲ" ಎಂದರು. ಈ "ಗೊತ್ತಾಗಲ್ಲ" ಎನ್ನುವುದರ ಜೊತೆ ನಾನು ಈಗ ಸಂಸಾರ ಮಾಡುತ್ತಿದ್ದೇನೆ. ಮುಂದಿನ ಸ್ಕ್ಯಾನ್‌ಗೆ ಇನ್ನೂ ಒಂದೂವರೆ ತಿಂಗಳಿದೆ.

ಇದನ್ನೆಲ್ಲ ಬರೆದದ್ದು, ಈಗ ಯಾವುದೋ ಆಸ್ಪತ್ರೆಯ ಬೆಂಚಿನ ಮೇಲೆ ಕೂತಿರುವವರಿಗೆ ಒಂದು ಮಾತು ಹೇಳಲು. ನೋವಿದ್ದರೆ ಹೇಳಿ, ನುಂಗಲಾಗದಿದ್ದರೆ ಹೇಳಿ, ಮನೆಯವರಿಗೂ ಡಾಕ್ಟರಿಗೂ ಸುಳ್ಳು ಹೇಳಬೇಡಿ. ಈ ಸಾಲು ಬರೆದು ಪೆನ್ನು ಕೆಳಗಿಟ್ಟೆ. ನನಗೇ ಅಸಹ್ಯವಾಯಿತು. ಯಾಕೆಂದರೆ ನಾಲ್ಕು ದಿನದಿಂದ ನನ್ನ ಎಡ ಬೆನ್ನಿನಲ್ಲಿ ಒಂದು ನೋವಿದೆ. ಇವತ್ತು ಬೆಳಿಗ್ಗೆ ಶಾರದಾ "ಹೆಂಗಿದೀರಾ?" ಎಂದು ಕೇಳಿದಾಗಲೂ "ಚೆನ್ನಾಗಿದೀನಿ" ಎಂದಿದ್ದೆ.

ಎದ್ದು ಕೆಳಗೆ ಹೋದೆ. ಧೂಳಿಗೆ ನಾನು ಒಳಗೆ ಹೋಗಬಾರದು, ಬಾಗಿಲಲ್ಲೇ ನಿಂತೆ. ಅವಳು ಯಾರದೋ ರಾಗಿ ಬೀಸುತ್ತಿದ್ದಳು. ನನ್ನ ಮುಖ ನೋಡಿದವಳೇ, ರಾಗಿ ಇನ್ನೂ ಅರ್ಧ ಬಾಕಿ ಇರುವಾಗಲೇ ಮಿಷನ್ ಆಫ್ ಮಾಡಿದಳು.

"ಬೆನ್ನು ನೋಯ್ತಿದೆ ಕಣೇ," ಎಂದೆ. "ಎಡಗಡೆ. ನಾಲ್ಕು ದಿನದಿಂದ."

ಬೈಯಲಿಲ್ಲ. ಕೈಯ ಹಿಟ್ಟನ್ನು ಸೆರಗಿಗೆ ಒರೆಸಿಕೊಂಡಳು. ಕಾಯುತ್ತಿದ್ದ ಹೆಂಗಸಿಗೆ "ನಾಳೆ ಬನ್ನಿ ಅಮ್ಮ, ಆಸ್ಪತ್ರೆಗೆ ಹೋಗ್ಬೇಕು" ಎಂದಳು. ಆಕೆ ಹೋದ ಮೇಲೆ ನನ್ನ ಹತ್ತಿರ ಬಂದು ನಿಂತಳು.

"ನಾಲ್ಕೇ ದಿನಾನಾ?"

ಅವಳು ನನ್ನ ಮುಖದಿಂದ ಕಣ್ಣು ತೆಗೆಯಲಿಲ್ಲ. ನಾನು ತಲೆ ತಗ್ಗಿಸಿದೆ.

"ಇಪ್ಪತ್ತು ದಿನ ಆಯ್ತು," ಎಂದೆ.